ದೊಡ್ಡತ್ತೆಯ ದ್ರಾಕ್ಷಿ ರಸ

ನಾನು ಮೊದಲ ಸಲ ನೋಡಿದಾಗ ದೊಡ್ಡತ್ತೆ ಒಂದು ಜಾಡಿಯನ್ನು ತಬ್ಬಿಕೊಂಡು ಕೂತಿದ್ದರು. ಸೊಂಟದೆತ್ತರದ ಕಂದು ಜಾಡಿ. ಅದರ ಹೊಟ್ಟೆಗೆ ಎಡಗಿವಿ ಒತ್ತಿ, ಕಣ್ಣು ಮುಚ್ಚಿದ್ದರು. ಎಂದೋ ಹಾಕುತ್ತಿದ್ದ ಓಲೆಯ ಭಾರಕ್ಕೆ ಕಿವಿಯ ಹಾಲೆ ಹರಿದು ಎರಡಾಗಿತ್ತು. ಬೆರಳುಗಳು ಎರಡನೆಯ ಗೆಣ್ಣಿನವರೆಗೆ ಕಪ್ಪುಗೆಂಪು. ನಾನು ಮದುವೆಯಾಗಿ ಮಡಕಶಿರಾ ಹತ್ತಿರದ ಆ ಹಳ್ಳಿಗೆ ಬಂದು ಒಂದು ದಿನವೂ ಆಗಿರಲಿಲ್ಲ. ಮುದುಕಿಗೆ ಏನೋ ಆಗಿದೆ ಎಂದು ಹೆದರಿ, "ಯಾಕ್ರಿ, ಆರಾಮಿಲ್ಲೇನ್ರಿ?" ಎಂದೆ.

ಅವರು ಕಣ್ಣು ತೆರೆಯಲಿಲ್ಲ. "ಸುಮ್ನಿರಮ್ಮಿ, ಇದು ಮಾತಾಡ್ತೈತೆ" ಎಂದರು.

ಆಮೇಲೆ ನನ್ನನ್ನೂ ಕರೆದು ಕಿವಿ ಇಡಲು ಹೇಳಿದರು. ಒಳಗೆ ಸೋಗೆಯ ಮೇಲೆ ತುಂತುರು ಮಳೆ ಬಿದ್ದಂಥ ಸದ್ದು. ದ್ರಾಕ್ಷಿ ಹುದುಗುತ್ತಿತ್ತು. ನಾನು ಬೆರಗಾದದ್ದನ್ನು ಕಂಡು ನಕ್ಕರು. "ನಿಮ್ಮ ರಾಯದುರ್ಗದ ಕಡೆ ಜಾಡೀಗೂ ರೀ ಅಂತಾರೇನೆ?" ಎಂದು ಛೇಡಿಸಿದರು. ಆ ಮನೆಯಲ್ಲಿ ನನ್ನನ್ನು ನಗಿಸಿದ ಮೊದಲ ಮಾತು ಅದು. ಬಹಳ ದಿನ ಅದೊಂದೇ ಆಗಿತ್ತು ಕೂಡ.

ದೊಡ್ಡತ್ತೆ ನನ್ನ ಮಾವನವರ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ಸತ್ತು, ಮಕ್ಕಳಿಲ್ಲದೆ, ತಮ್ಮನ ಮನೆ ಸೇರಿದವರು. ಅವರ ತಂದೆ ಪೆನುಗೊಂಡೆಯಲ್ಲಿ ಒಬ್ಬ ದೊರೆಯ ಬಂಗಲೆಯ ತೋಟಕ್ಕೆ ಮಾಲಿಯಾಗಿದ್ದರಂತೆ. ಅಲ್ಲಿಂದ ತಂದ ಕಪ್ಪು ದ್ರಾಕ್ಷಿಯ ಕಡ್ಡಿ ನಮ್ಮ ಹಿತ್ತಲಿನ ಬಾವಿಯ ಪಕ್ಕ ಚಪ್ಪರವಾಗಿ ಹಬ್ಬಿತ್ತು. ರಸ ಮಾಡುವುದನ್ನು ಬಂಗಲೆಯ ಬಟ್ಲರು ತಂದೆಗೆ ಹೇಳಿಕೊಟ್ಟು, ತಂದೆ ಮಗಳಿಗೆ ಹೇಳಿಕೊಟ್ಟದ್ದು. ಅದನ್ನು ಹೆಂಡ, ಸಾರಾಯಿ ಎಂದು ಯಾರಾದರೂ ಕರೆದರೆ ದೊಡ್ಡತ್ತೆಗೆ ಮೈ ಉರಿಯುತ್ತಿತ್ತು. ರಸ ಎನ್ನಬೇಕು. ಸುತ್ತಲ ಹಳ್ಳಿಗಳ ಬಾಣಂತಿಯರಿಗೆ, ದಮ್ಮಿನ ಮುದುಕರಿಗೆ ಅದೇ ಔಷಧಿ. ಅಬ್ಕಾರಿ ಇನ್ಸ್‌ಪೆಕ್ಟರು ವರ್ಷಕ್ಕೊಮ್ಮೆ ಬಂದು ಇದು ಔಷಧಿ ಹೌದೋ ಅಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದರು. ಒಂದು ಲೋಟದಲ್ಲಿ ಅವರಿಗೆ ಖಾತ್ರಿಯಾದದ್ದೇ ಇಲ್ಲ.

ಕೆಲಸದಲ್ಲಿ ದೊಡ್ಡತ್ತೆಯದು ಬಲು ಹಟ. ಬಿಸಿಲೇರುವ ಮೊದಲೇ ಹಣ್ಣು ಬಿಡಿಸಬೇಕು. ಮಳೆ ಬಿದ್ದಿದ್ದರೆ ಚಪ್ಪರ ಒಣಗುವ ತನಕ ಯಾರೂ ಗೊಂಚಲು ಮುಟ್ಟುವಂತಿಲ್ಲ. ಹಣ್ಣನ್ನು ತೊಳೆಯಲು ಬಿಡುತ್ತಿರಲಿಲ್ಲ. ಸಿಪ್ಪೆಯ ಮೇಲಿನ ಬೂದಿಯಂಥ ಪುಡಿಯೇ ರಸವನ್ನು ಹುದುಗಿಸುವುದು ಎನ್ನುತ್ತಿದ್ದರು. ಹಿಸುಕುವುದು ಕೈಯಲ್ಲೇ, ಒರಳಿಗೆ ಹಾಕಿದರೆ ಬೀಜ ಒಡೆದು ಒಗರಾಗುತ್ತದೆ. ಹಿಂದೂಪುರದ ಕಪ್ಪು ಬೆಲ್ಲ ಒಂದಿಷ್ಟು, ಅದೂ ಹಣ್ಣು ಬಡವಾಗಿದ್ದ ವರ್ಷ ಮಾತ್ರ. ಸದ್ದು ಅಡಗಿದ ಮೇಲೆ ಸೋಸಿ, ಮತ್ತೆ ತುಂಬಿ, ಬೆಳಿಗ್ಗೆ ಸಂಜೆ ಬಟ್ಟೆ ಸರಿಸಿ ಮೂಸುತ್ತಿದ್ದರು. ಹುಳಿ ತಿರುಗುವ ಸುಳಿವು ಮೂಗಿಗೆ ಸಿಕ್ಕಿದರೆ ಆ ರಸ ಕಾಯುವಂಥದ್ದಲ್ಲ, ಕೂಡಲೇ ಹಂಚಿ ಮುಗಿಸಬೇಕು. ಸುಳಿವಿಲ್ಲದಿದ್ದರೆ ಜಾಡಿಯ ಬಾಯಿಗೆ ಮಣ್ಣು ಮೆತ್ತಿ ತಿಂಗಳುಗಟ್ಟಲೆ ಇಡಬಹುದು. "ನಾಲಿಗೆಗೆ ಹುಳಿ ತಿಳಿಯೋ ಹೊತ್ತಿಗೆ ಕೆಲಸ ಕೆಟ್ಟೋಗಿರ್ತದೆ. ಮೂಗಿಗೆ ಮೊದ್ಲೇ ತಿಳೀತದೆ" ಎನ್ನುತ್ತಿದ್ದರು.

ಅವರಿಗೆ ಇಷ್ಟವಾದ ರಸ ಬೇರೆ ಯಾರಿಗೂ ಇಷ್ಟವಾಗುತ್ತಿರಲಿಲ್ಲ. ತೆಳ್ಳಗೆ, ಒರಟಾಗಿ, ಸಿಹಿಯ ಸೋಂಕಿಲ್ಲದೆ ಇರಬೇಕು. ಇಳಿಹೊತ್ತಿನಲ್ಲಿ ಹಿತ್ತಲ ಮೆಟ್ಟಿಲ ಮೇಲೆ ಕೂತು, ಹುರಿದ ಕಡಲೆಕಾಯಿ, ಉಪ್ಪು, ಒಂದು ಹಸಿಮೆಣಸಿನಕಾಯಿ ಇಟ್ಟುಕೊಂಡು ಪುಟ್ಟ ಹಿತ್ತಾಳೆ ಲೋಟದಲ್ಲಿ ಅರ್ಧ ಕುಡಿಯುತ್ತಿದ್ದರು. ಮಾವನವರು ನೋಡಿಯೂ ನೋಡದವರಂತೆ ಕೊಟ್ಟಿಗೆಯ ಕಡೆ ಹೋಗುತ್ತಿದ್ದರು. ಹಳೆಯದಾದಷ್ಟೂ ಒಳ್ಳೆಯದಂತೆ ಹೌದಾ ಎಂದು ನಾನೊಮ್ಮೆ ಕೇಳಿದೆ. "ದೊರೆಗಳು ಹಂಗಂತಾರೆ. ನಂಗೆ ಹೋದ ವರ್ಷದ ಹಣ್ಣಿನ ಗ್ಯಾಪಕ ಬಂದ್ರೆ ಸಾಕು" ಎಂದರು.

ಆ ಮನೆಯಲ್ಲಿ ಅವರಿಗಿದ್ದ ಮರ್ಯಾದೆಯೆಲ್ಲ ಈ ರಸದ್ದು. ಬಾಣಂತಿ ಮನೆಯವರು ರಾಗಿ, ಕೋಳಿ, ಹೊಸ ರವಿಕೆ ಬಟ್ಟೆ ಹೊತ್ತು ಬರುತ್ತಿದ್ದರು. ಇಲ್ಲದಿದ್ದರೆ ತವರಿಗೆ ಮರಳಿದ ವಿಧವೆಗೆ ಊಟದ ಸಾಲಿನಲ್ಲಿ ಜಾಗ ಎಲ್ಲಿರುತ್ತದೆಂದು ನನಗೆ ಗೊತ್ತಿತ್ತು. ನನ್ನ ಜಾಗವೂ ಅಷ್ಟಕ್ಕಷ್ಟೇ. ಮೊದಲ ಬಸುರು ನಿಲ್ಲಲಿಲ್ಲ. ಕಾಲ್ಗುಣ ಸರಿಯಿಲ್ಲ ಎಂದು ಅತ್ತೆ ಬಾವಿಕಟ್ಟೆಯಲ್ಲಿ ಹೇಳಿದ್ದು ನನ್ನ ಕಿವಿಗೇ ಬಿತ್ತು. ಅವತ್ತು ದೊಡ್ಡತ್ತೆ ರಸ ಬಿಸಿಮಾಡಿ ತಂದು ನನ್ನ ಹಾಸಿಗೆಯ ಪಕ್ಕ ಕೂತರು. "ಕುಡಿಯಮ್ಮಿ. ನನ್ನ ಕೈಲಿ ಆಗೋದು ಇದೊಂದೇ" ಎಂದರು. ಬೇರೆ ಸಮಾಧಾನ ಹೇಳಲಿಲ್ಲ. ನಾನು ಅತ್ತು ಮುಗಿಸುವ ತನಕ ಎದ್ದೂ ಹೋಗಲಿಲ್ಲ.

ಮುಂದಿನ ವರ್ಷ ನಾದಿನಿ ಚೊಚ್ಚಲ ಹೆರಿಗೆಗೆ ಬಂದಳು. ಅವಳಿಗೆಂದೇ ದೊಡ್ಡತ್ತೆ ದೊಡ್ಡ ಜಾಡಿಯೊಂದಕ್ಕೆ ಮಣ್ಣು ಮೆತ್ತಿ ಇಟ್ಟಿದ್ದರು. ಹೆರಿಗೆಯಾಯಿತು, ಜಾಡಿ ತೆಗೆದರು. ಬಟ್ಟೆ ಸರಿಸುತ್ತಲೇ ಘಾಟು ನಡುಮನೆಯವರೆಗೂ ಬಂತು. ಅತ್ತೆ ಒಂದು ಗುಟುಕು ಬಾಯಿಗೆ ಹಾಕಿ ಹಲ್ಲು ಜುಮ್ಮೆಂದು ಉಗಿದರು. ಇಡೀ ಜಾಡಿ ಹುಳಿನೀರಾಗಿತ್ತು.

ದೊಡ್ಡತ್ತೆಯ ರಸ ಕೆಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಕಾರಣ ಬೇಕಲ್ಲ, ಅತ್ತೆಗೆ ಬೇಗ ಸಿಕ್ಕಿತು. ನಾನು ಮುಟ್ಟಾಗಿ ಹೊರಗೆ ಕೂತಿದ್ದಾಗ ಒಂದು ದಿನ ಜೋರು ಮಳೆ ಹೊಡೆದು, ಜಾಡಿಯ ಕೋಣೆಯ ಗೋಡೆಗೆ ಒರಗಿ ನಿಂತಿದ್ದೆ. ಆ ದಿನಗಳಲ್ಲಿ ಹೆಂಗಸಿನ ನೆರಳು ಬಿದ್ದರೆ ಉಪ್ಪಿನಕಾಯಿ ಕೆಡುತ್ತದೆ, ರಸ ಕೆಡುತ್ತದೆ ಎಂಬುದು ನಮ್ಮಲ್ಲಿ ಎಲ್ಲರೂ ಒಪ್ಪಿದ ಮಾತು. ನಾನೂ ಒಪ್ಪಿದ್ದೆ.

"ಇವಳ ಕೈಲಿ ಬಸುರೂ ನಿಲ್ಲಲಿಲ್ಲ, ಈಗ ರಸಾನೂ ನಿಲ್ಲಲಿಲ್ಲ. ನನ್ನ ಮಗಳ ಬಾಣಂತನಕ್ಕೇ ಕಲ್ಲು ಹಾಕಿದ್ಲು" ಎಂದು ಅತ್ತೆ ಕೂಗಿದರು.

ಮಾವನವರು ತಲೆ ಬಗ್ಗಿಸಿಕೊಂಡೇ, "ನಾಳೆ ಗಾಡಿ ಕಟ್ತೀನಿ. ಹಿಂದೂಪುರದಲ್ಲಿ ರೈಲು ಹತ್ತಿಸಿ ಅವ್ರಪ್ಪನ ಮನೇಗೆ ಬಿಟ್ಟು ಬರೋಣ" ಎಂದರು. ಬಿಟ್ಟು ಬರುವುದೆಂದರೆ ಏನೆಂದು ಕೂಸಿಗೂ ಗೊತ್ತಿತ್ತು. ಅತ್ತೆಯ ಅಣ್ಣನ ಮಗಳು ಮದುವೆಯ ವಯಸ್ಸಿಗೆ ಬಂದಿದ್ದಳು. ನನ್ನ ಗಂಡ ಬಾಗಿಲ ಚೌಕಟ್ಟು ಹಿಡಿದು ನೆಲ ನೋಡುತ್ತ ನಿಂತಿದ್ದರು. ಒಂದು ಮಾತು ಆಡಲಿಲ್ಲ. ಆ ಮೌನವನ್ನು ಕ್ಷಮಿಸಿ ಎಷ್ಟೋ ಕಾಲವಾಯಿತು, ಮರೆತಿಲ್ಲ.

ದೊಡ್ಡತ್ತೆ ಕಂಬಕ್ಕೆ ಒರಗಿ ಕೂತಿದ್ದರು. ತಪ್ಪು ನನ್ನ ಮೇಲೆ ಬಂದಿತ್ತು, ಅವರ ಕೈಗುಣಕ್ಕೆ ಯಾವ ಕುಂದೂ ಬಂದಿರಲಿಲ್ಲ. ಸುಮ್ಮನಿದ್ದಿದ್ದರೆ ಸಾಕಿತ್ತು.

"ತಮ್ಮಾ, ಗಾಡಿ ಕಟ್ಟಬ್ಯಾಡ" ಎಂದರು. ಅತ್ತೆಯ ಕಡೆ ತಿರುಗಿ, "ನೀನು ಒಳಗಿಂದ ಏನಾದ್ರೂ ತಂದು ನನ್ನ ಮೂಗಿಗೆ ಹಿಡಿ" ಎಂದು ಕಣ್ಣು ಮುಚ್ಚಿದರು.

ಅತ್ತೆ ಸಿಟ್ಟಿನಲ್ಲೇ ಹೋಗಿ, ದೀಪದ ಗೂಡಿನಿಂದ ಸೀಮೆಎಣ್ಣೆ ಬುಡ್ಡಿ ತಂದು ಮೂಗಿನ ಕೆಳಗೆ ಹಿಡಿದರು. ದೂರದಲ್ಲಿದ್ದ ನನಗೂ ವಾಸನೆ ಬಂತು. ದೊಡ್ಡತ್ತೆ ನೀಳವಾಗಿ ಉಸಿರೆಳೆದರು. ಮತ್ತೊಮ್ಮೆ ಎಳೆದರು.

"ಹೂವೇನೆ?" ಎಂದರು.

ಕಣ್ಣು ಬಿಟ್ಟು ಬುಡ್ಡಿಯನ್ನು ನೋಡಿ ಅವರೇ ಹೇಳಿದರು: "ನನ್ನ ಮೂಗು ಹೋದ ಚಳೀಗಾಲದ ಜ್ವರದಾಗೇ ಹೋಯ್ತು. ವಾಪಸು ಬತ್ತದೆ ಅಂಬ್ತ ಕಾದೆ. ಬರ್ಲಿಲ್ಲ. ಹುಳಿ ತಿರುಗಿದ್ದು ನಂಗೆ ತಿಳೀಲೇ ಇಲ್ಲ, ಮಣ್ಣು ಮೆತ್ತಿಬಿಟ್ಟೆ. ಹೇಳಿದ್ರೆ ಈ ಮನೇಲಿ ನಂಗೇನು ಉಳೀತದೆ ಅಂಬ್ತ ಮುಚ್ಚಿಟ್ಟಿದ್ದೆ. ಈ ಹುಡುಗೀದು ಏನೂ ತಪ್ಪಿಲ್ಲ."

ಮಾವನವರು ಎದ್ದು ಹೊರಗೆ ಹೋದರು. ಗಾಡಿ ಕಟ್ಟಲಿಲ್ಲ.

ಹಿಂದಿನ ಕೆಲವು ತಿಂಗಳುಗಳು ನನಗೆ ಆಗ ಅರ್ಥವಾದವು. ಒಲೆಯ ಮುಂದೆಯೇ ಕೂತಿದ್ದರೂ ಸಾರು ತಳ ಹತ್ತಿದ್ದು ಅವರಿಗೆ ತಿಳಿದಿರಲಿಲ್ಲ. ಸಂಜೆಯ ಹಿತ್ತಾಳೆ ಲೋಟವನ್ನು ಒಂದೆರಡು ಗುಟುಕಿಗೇ ಬಿಟ್ಟು ಏಳುತ್ತಿದ್ದರು. ಯಾಕೆ ಎಂದು ಕೇಳಿದರೆ, ಬಾಯಿ ಸರಿಯಿಲ್ಲ ಎನ್ನುತ್ತಿದ್ದರು.

ಸುದ್ದಿ ಊರಿಗೆಲ್ಲ ಹಬ್ಬಿತು. ಮೂಗಿಲ್ಲದವಳ ರಸವನ್ನು ಬಾಣಂತಿಗೆ ಯಾರು ಕುಡಿಸುತ್ತಾರೆ? ರಾಗಿ, ಕೋಳಿ, ರವಿಕೆ ಬಟ್ಟೆ ನಿಂತವು. ಅವರ ಊಟ ಎಲ್ಲರದೂ ಆದ ಮೇಲೆ ಹಿತ್ತಲ ಬಾಗಿಲಿಗೆ ಸರಿಯಿತು. ಮುಂದಿನ ಬೇಸಿಗೆಯಲ್ಲಿ ಚಪ್ಪರದ ತುಂಬ ಗೊಂಚಲು. ನನಗೆ ತಡೆಯಲಾಗಲಿಲ್ಲ. "ನೀವು ಮಾಡ್ರಿ ದೊಡ್ಡತ್ತೆ. ನಾ ಮೂಸಿ ಮೂಸಿ ಹೇಳ್ತೀನ್ರಿ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಸೆ ಇತ್ತು, ಕಣ್ಣಲ್ಲೇ ಕಾಣುತ್ತಿತ್ತು. ಆದರೂ ಬೇಡವೆಂದು ತಲೆಯಾಡಿಸಿದರು. "ಇನ್ನೊಂದ್ಸಲ ಕೆಟ್ರೆ ಯಾರ ಮ್ಯಾಲೆ ಬತ್ತದೆ? ಆವಾಗ ನಿನ್ನ ಬಿಡಿಸ್ಕೊಳ್ಳೋಕೆ ನನ್ನತ್ರ ಇನ್ನೊಂದು ಮೂಗಿಲ್ಲ ಕಣಮ್ಮಿ."

ಹಣ್ಣನ್ನು ಗಿಣಿಗಳು ತಿಂದವು. ಮರುವರ್ಷ ಮಾವನವರು ಚಪ್ಪರ ಕೀಳಿಸಿ ಹಿಪ್ಪುನೇರಳೆ ನಾಟಿ ಮಾಡಿಸಿದರು. ಅದು ನಡೆದಷ್ಟು ಹೊತ್ತೂ ದೊಡ್ಡತ್ತೆ ಒಳಗೇ ಇದ್ದರು. ಆಮೇಲೆ ಎಂದೋ ಮದ್ರಾಸ್ ಸರ್ಕಾರ ಕುಡಿತ ನಿಲ್ಲಿಸಿದಾಗ ಪೊಲೀಸಿನವರು ನಮ್ಮ ಮನೆಯನ್ನೂ ಹುಡುಕಲು ಬಂದರು. ಜಾಡಿಗಳಲ್ಲಿ ಹುಣಸೆಹಣ್ಣಿತ್ತು, ದೊಡ್ಡತ್ತೆ ಇರಲಿಲ್ಲ.

ಚಪ್ಪರ ಕಿತ್ತ ವರ್ಷವೇ ನನಗೆ ಮಗಳು ಹುಟ್ಟಿದಳು. ಉಳಿದಳು. ಮೂರನೆಯ ದಿನ ದೊಡ್ಡತ್ತೆ ಬಾಣಂತಿ ಕೋಣೆಗೆ ಬಂದರು. ಬರಿಗೈಯಲ್ಲಿ ಬಂದೆ ಎಂದು ನಾಚಿಕೊಂಡರು. ಕೂಸನ್ನು ಎತ್ತಿ, ಮುಖವನ್ನು ಅದರ ನೆತ್ತಿಗೆ ಹಚ್ಚಿ ಉಸಿರೆಳೆದರು. ಹಾಗೇ ಎಷ್ಟೋ ಹೊತ್ತು ಇದ್ದರು. ಆಮೇಲೆ ನನ್ನ ಕಡೆ ನೋಡಿದರು.

"ಹೆಂಗೈತೆ ವಾಸ್ನೆ? ಹೇಳಮ್ಮಿ" ಎಂದರು.

ನಾನು ಬಗ್ಗಿ ಕೂಸಿನ ನೆತ್ತಿ ಮೂಸಿದೆ. "ಹಾಲಿನ ವಾಸ್ನೆ ಐತ್ರಿ" ಎಂದೆ.

"ಅಷ್ಟೇನಾ?"

"ಅಷ್ಟೇರಿ."

ಕೂಸು ಕಾಲೂರಿ ನಿಲ್ಲುವ ಮೊದಲೇ ದೊಡ್ಡತ್ತೆ ತೀರಿಕೊಂಡರು. ಈಗ ನನಗೂ ಅವರಷ್ಟೇ ವಯಸ್ಸು. ಮೊಮ್ಮಕ್ಕಳ ನೆತ್ತಿಯನ್ನೂ ಮೂಸಿದ್ದಾಯಿತು. ಹಾಲಿನ ವಾಸನೆಯಷ್ಟೇ ಅಲ್ಲ ಅದು. ಅದರಲ್ಲಿ ಎಳೆ ಬಿಸಿಲಿದೆ, ಹರಳೆಣ್ಣೆಯಿದೆ, ಆಗತಾನೆ ಬಿಚ್ಚಿದ ಹತ್ತಿಯಿದೆ, ಚೂರೇಚೂರು ಹುಳಿಯೂ ಇದೆ. ಅವತ್ತು ಕೇಳಿದವರಿಗೆ ಅದನ್ನು ಇವತ್ತು ಪೂರ್ತಿಯಾಗಿ ಹೇಳಬಲ್ಲೆ.