ಮೂರನೇ ಸಲ ಕೇಳುವ ಖಾನುಂ

ಸಕ್ಕರೆಯ ತುಂಡನ್ನು ಮುಂದಿನ ಹಲ್ಲುಗಳ ನಡುವೆ ಕಚ್ಚಿ ಹಿಡಿದು, ಅದರ ಮೂಲಕವೇ ಕಪ್ಪು ಚಹಾ ಹೀರುತ್ತಿದ್ದರು ನಮ್ಮ ಖಾನುಂ. ತುಂಡು ಕರಗುವವರೆಗೆ ಮಾತಿಲ್ಲ. ಎಪ್ಪತ್ತು ದಾಟಿದ್ದರೂ ಎದುರಿನ ಒಂದು ಹಲ್ಲೂ ಬಿದ್ದಿರಲಿಲ್ಲ. ಬಿದ್ದಿದ್ದರೆ ನಮ್ಮ ಆಫೀಸಿನ ಸಾಹೇಬರು ಅದನ್ನೂ ತಪ್ಪೆಂದೇ ಹಿಡಿಯುತ್ತಿದ್ದರು.

ಖಾನುಂ ಎಂದರೆ ಫಾರ್ಸಿಯಲ್ಲಿ ಅಮ್ಮಾವ್ರೇ ಎಂದ ಹಾಗೆ. ದುಬೈಯ ಊದ್ ಮೇಥಾ ಬಡಾವಣೆಯಲ್ಲಿದ್ದ, ಜನಾಭಿಪ್ರಾಯದ ಸರ್ವೆ ಮಾಡುವ ನಮ್ಮ ಆಫೀಸಿಗೆ ಒಂದು ಕೆಲಸ ಬಂದಿತ್ತು. ಆ ಊರಲ್ಲಿ ಫಾರ್ಸಿ ಮಾತಾಡುವ ಹಿರಿಯರನ್ನು ವಯಸ್ಸಿನ ಕಾರಣಕ್ಕೆ ಜನ ಎಷ್ಟು ಕೀಳಾಗಿ ಕಾಣುತ್ತಾರೆ ಎಂದು ಅಳೆಯಬೇಕು. ಯಾವ ಪ್ರಶ್ನೆಗಾದರೂ ಉತ್ತರ ಮೂರೇ: ಎಂದೂ ಇಲ್ಲ, ಕೆಲವೊಮ್ಮೆ, ಯಾವಾಗಲೂ. ಅದಕ್ಕೆಂದೇ ಸೇರಿಸಿಕೊಂಡಿದ್ದ ಖಾನುಂ ಫಾರ್ಸಿಯಲ್ಲಿ ಕೇಳುವುದು, ಉಡುಪಿಯವಳಾದ ನಾನು ಟ್ಯಾಬ್‌ನಲ್ಲಿ ಗುರುತು ಹಾಕುವುದು. ನಮ್ಮಿಬ್ಬರ ನಡುವೆ ಮುರುಕು ಹಿಂದಿ.

ನೈಫ್ ಪೇಟೆಯ ರತ್ನಗಂಬಳಿ ಅಂಗಡಿಯ ಮುದುಕರನ್ನು ಮರೆಯಲಾರೆ. ವಯಸ್ಸಾಯಿತೆಂದು ನಿಮ್ಮನ್ನು ಯಾರಾದರೂ ಬದಿಗೆ ಸರಿಸಿದ್ದುಂಟೇ ಎಂದು ಖಾನುಂ ಕೇಳಿದರೆ, "ಛೆ, ಎಂದೂ ಇಲ್ಲ" ಎಂದರು. ನಾನು ಗುರುತು ಹಾಕಲು ಬೆರಳೆತ್ತಿದೆ. ಖಾನುಂ ನನ್ನ ಕೈ ಹಿಡಿದರು. ಚಹಾ ಬಂತು, ಮೊಮ್ಮಕ್ಕಳ ಸುದ್ದಿ ಆಯಿತು. ಮತ್ತೆ ಅದೇ ಪ್ರಶ್ನೆ, ಮತ್ತೆ ಇಲ್ಲ. ಇನ್ನೊಂದು ಸುತ್ತು ಚಹಾ. ಮೂರನೇ ಸಲ ಕೇಳಿದಾಗ ಮುದುಕರು ಲೋಟ ಕೆಳಗಿಟ್ಟು ಹಿಂದಿನ ಗೋಡೌನಿನತ್ತ ಕೈ ತೋರಿಸಿದರು. ಅವರ ಕುರ್ಚಿಯನ್ನು ಮಗ ಅಲ್ಲಿ ಹಾಕಿದ್ದನಂತೆ. ಗಿರಾಕಿ ಇರುವಾಗ ಕೆಮ್ಮು ಬಂದರೂ ತಡೆದುಕೊಳ್ಳಬೇಕಂತೆ.

"ಮನೆಗೆ ಬಂದವರ ಎದುರು ದೂರು ಹೇಳೋದು ನಮ್ಮಲ್ಲಿ ಅಸಭ್ಯ," ಎಂದರು ಖಾನುಂ, ಹೊರಗೆ ಬಂದ ಮೇಲೆ. "ಬಡಿಸಿದರೆ ಬೇಡ ಅಂತೇವೆ, ಕಷ್ಟ ಕೇಳಿದರೆ ಇಲ್ಲ ಅಂತೇವೆ. ಎರಡು ಸಲ ಮರ್ಯಾದೆಗೆ, ಮಗಳೇ. ಮೂರನೇ ಸಲ ಕೇಳುವವರಿಗೆ ನಿಜ ಹೇಳ್ತೇವೆ."

ಹೀಗೆ ಒಬ್ಬೊಬ್ಬರಿಗೂ ಎರಡು ಗಂಟೆ ಹಿಡಿಯುತ್ತಿತ್ತು.

"ಆಯಮ್ಮಂಗೆ ವಯಸ್ಸಾಯ್ತು ಕಣ್ರೀ," ಎಂದರು ಮೈಸೂರಿನವರಾದ ನಮ್ಮ ಸಾಹೇಬರು. "ಫುಲ್ ಸ್ಲೋ. ಜನಗಳ ಬಾಯಿಂದ ಎಳೆದೂ ಎಳೆದೂ ದೂರು ಹೇಳಿಸ್ತಾರೆ. ಯಂಗ್ ಹುಡುಗೀರ್ನ ಹಾಕೋಣ. ಇವರು ಮಾಡಿದ ಫಾರ್ಮೆಲ್ಲ ಡಿಲೀಟ್ ಮಾಡ್ಬಿಡಿ, ಖಲಾಸ್."

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ನಮ್ಮಲ್ಲಿ ದೀಪವೇ ಇರಲಿಲ್ಲ. ಆ ಆಫೀಸನ್ನು ನೆನೆದರೆ ಇಂದಿಗೂ ಹೇಸಿಗೆಯಾಗುತ್ತದೆ. "ಅವರು ಕೇಳುವ ಕ್ರಮವೇ ಸರಿ ಅಲ್ವಾ ಸರ್?" ಎಂದು ಒಂದು ಸಲ ಹೇಳಿದೆ. ಒಂದೇ ಸಲ. ಆಮೇಲೆ, ನನ್ನ ವೀಸಾ ಸಾಹೇಬರ ಕೈಯಲ್ಲಿದೆ ಎಂದು ನನಗೆ ನಾನೇ ಹೇಳಿಕೊಂಡು, ಎಲ್ಲವನ್ನೂ ಅಳಿಸಿದೆ.

ಹೊಸ ಹುಡುಗಿಯರು ಹತ್ತು ನಿಮಿಷಕ್ಕೊಬ್ಬರಂತೆ ಮುಗಿಸಿಕೊಂಡು ಬಂದರು. ಎಲ್ಲಿ ನೋಡಿದರೂ ಎಂದೂ ಇಲ್ಲ, ಎಂದೂ ಇಲ್ಲ. ಗಂಬಳಿ ಅಂಗಡಿಯ ಮುದುಕರೂ ಈ ಸಲ ಪರಮಸುಖಿ. "ಡೇಟಾ ಎಷ್ಟು ಕ್ಲೀನಾಗಿದೆ ನೋಡ್ರೀ!" ಎಂದು ಸಾಹೇಬರು ಎಲ್ಲರಿಗೂ ಸಿಹಿ ಹಂಚಿದರು. ನಾನೂ ತಿಂದೆ.

ಕೊನೆಗೆ ಒಂದು ಫಾರ್ಮ್ ಕಡಿಮೆ ಬಿತ್ತು. ಖಾನುಂ ಅಂದೇ ತಮ್ಮ ಸಾಮಾನು ಒಯ್ಯಲು ಬಂದಿದ್ದರು.

"ಆಯಮ್ಮನ್ನೇ ಕೇಳ್ಬಿಡಿ," ಎಂದರು ಸಾಹೇಬರು. "ಅವ್ರೂ ಫಾರ್ಸಿ ತಾನೇ?"

ಇಷ್ಟು ಭಂಡತನವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೂ ಟ್ಯಾಬ್ ಹಿಡಿದುಕೊಂಡು ಹೋದವಳು ನಾನೇ. ವಯಸ್ಸಾಯಿತೆಂದು ನಿಮ್ಮನ್ನು ಕೆಲಸದಿಂದ ದೂರ ಇಟ್ಟದ್ದುಂಟೇ ಎಂದು ಕೇಳಿದೆ.

"ಎಂದೂ ಇಲ್ಲ ಮಗಳೇ. ಇಲ್ಲಿ ಎಲ್ಲರೂ ಒಳ್ಳೆಯವರು."

ಎದುರಿಗೆ ಚಹಾ ಇತ್ತು. ಸಕ್ಕರೆಯ ತುಂಡನ್ನು ಬಾಯಿಗೆ ಹಾಕದೆ ಬೆರಳಲ್ಲೇ ಹಿಡಿದುಕೊಂಡು, ನನ್ನ ಮುಖ ನೋಡುತ್ತಾ ಅವರು ಕಾದರು. ನಾನು ಎರಡನೇ ಸಲ ಕೇಳಲಿಲ್ಲ. ಗುರುತು ಹಾಕಿದೆ. ಆಮೇಲೆ ದೊಡ್ಡ ಉಪಕಾರ ಮಾಡುವವಳ ಹಾಗೆ ಅವರ ಚೀಲವನ್ನು ಲಿಫ್ಟಿನವರೆಗೆ ಹೊತ್ತೆ.

ಮರುವರ್ಷ ಅವರು ತೀರಿಕೊಂಡ ಸುದ್ದಿ ಬಂತು. ದೇರಾದಲ್ಲಿದ್ದ ಅವರ ಮನೆಗೆ ಹೋದೆ. ಮಗಳು ಚಹಾ ತಂದರು. ಬೇಡ ಎಂದೆ. ತಟ್ಟೆ ಹಿಡಿದು ನಿಂತಲ್ಲೇ ಮತ್ತೆ ಕೇಳಿದರು. ಬೇಡ ಎಂದೆ, ಆ ಮನೆಯ ನೀರು ಮುಟ್ಟುವ ಯೋಗ್ಯತೆಯೂ ನನಗಿರಲಿಲ್ಲ.

ಖಾನುಂ ಅವರ ಮಗಳಲ್ಲವೇ, ಮೂರನೇ ಸಲವೂ ಕೇಳಿದರು.