ನೀಲಿಯಲ್ಲಿ ಅದ್ದಿದ ಪಂಚೆ

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದ್ದು, ಅವರೆಕಾಯಿ ಸುಲಿದದ್ದು, ರಾಗಿಹಿಟ್ಟು ಜರಡಿ ಹಿಡಿದದ್ದು, ಯಜಮಾನರ ಪಂಚೆ ಒಗೆದು ನೀಲಿಯಲ್ಲಿ ಅದ್ದಿ ತಾರಸಿಯ ಮೇಲೆ ಹರವಿದ್ದು, ಅವ್ವನ ಮಂಡಿಗೆ ಎಣ್ಣೆ ತಿಕ್ಕಿದ್ದು. ಆ ಭಾನುವಾರ ಇಷ್ಟೆಲ್ಲ ಮುಗಿಸಿ ನಾನು ಕಂಪ್ಯೂಟರ್ ಮುಂದೆ ಕೂರುವ ಹೊತ್ತಿಗೆ ಹುಣಸೂರಿನ ನಮ್ಮ ಮನೆಯ ಹಿತ್ತಲಿಗೆಲ್ಲ ಬಿಸಿಲು ಬಂದಿತ್ತು.

ಅಪ್ಪ ಹೋಗಿ ವರ್ಷ ತುಂಬುತ್ತ ಬಂದಿತ್ತು. ವರ್ಷದ ಎಡೆ ಇಡುವಾಗ ಎದುರಿಗೊಂದು ಫೋಟೊ ಬೇಕು. ಸ್ಟುಡಿಯೋದವರು ಗುರುತಿನ ಚೀಟಿಯ ಪಟವನ್ನೇ ದೊಡ್ಡದು ಮಾಡಿ, ಎಣ್ಣೆಗಪ್ಪಿನ ಅಪ್ಪನ ಕೆನ್ನೆಗೆ ಗುಲಾಬಿ ಬಣ್ಣ ತುಂಬಿ ಕೊಟ್ಟಿದ್ದರು. ಅವ್ವ ಅದನ್ನು ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿಬಿಟ್ಟಿದ್ದಳು.

"ಯಾರ ಮನೆ ಗಂಡ್ಸೋ ಏನೋ. ಇವನ ಮುಂದೆ ನಾನು ಎಡೆ ಇಕ್ಕಕಿಲ್ಲ."

ಇನ್ನು ಉಳಿದದ್ದು ಒಂದೇ. ನನ್ನ ಮದುವೆಯ ಚಪ್ಪರದ ದಿನ ಹನಗೋಡಿನ ತವರುಮನೆಯ ಮುಂದೆ ತೆಗೆಸಿದ್ದು. ಪ್ರಿಂಟನ್ನು ಗೆದ್ದಲು ತಿಂದಿತ್ತು. ನೆಗೆಟಿವ್ ಮಾತ್ರ ಬಿಸ್ಕತ್ತಿನ ಡಬ್ಬದಲ್ಲಿ ಉಳಿದಿತ್ತು. ಅದಕ್ಕಾಗಿಯೇ ಯಜಮಾನರು ಮೈಸೂರಿನಲ್ಲಿ ಹುಡುಕಿ, ಮುಚ್ಚಳದಲ್ಲೂ ದೀಪವಿರುವ ಹಳೆಯ ಸ್ಕ್ಯಾನರ್ ತಂದುಕೊಟ್ಟಿದ್ದರು.

ನೆಗೆಟಿವ್ ಎಂದರೆ ಎಲ್ಲವೂ ಉಲ್ಟಾ, ಮೇಲೆ ಕಿತ್ತಳೆ ಸಿಪ್ಪೆಯಂಥ ಬಣ್ಣ ಬೇರೆ. ಯಂತ್ರ ಅದನ್ನು ಸೀದಾ ಮಾಡಿಕೊಟ್ಟರೂ ಬಣ್ಣ ಎಲ್ಲೋ ಜಾರಿರುತ್ತದೆ. ಅದಕ್ಕೊಂದು ಉಪಾಯ ಓದಿಕೊಂಡಿದ್ದೆ. ಚಿತ್ರದಲ್ಲಿ ನಿಜಕ್ಕೂ ಬಿಳಿಯಾಗಿರುವುದನ್ನೋ ಬೂದಿ ಬಣ್ಣದ್ದನ್ನೋ ಒತ್ತಿ ತೋರಿಸಿದರೆ ಉಳಿದ ಬಣ್ಣಗಳೆಲ್ಲ ಅದನ್ನು ನೋಡಿಕೊಂಡು ಸರಿಹೋಗುತ್ತವಂತೆ. ಬಿಳಿಗೇನು ಬರ? ಅಪ್ಪನ ಪಂಚೆ ಒತ್ತಿದೆ.

ಅವ್ವ ಕುರ್ಚಿ ಎಳೆದುಕೊಂಡು ಬಂದು ನೋಡಿದಳು. "ನಿಮ್ಮಪ್ಪಂಗೆ ಕಾಮಾಲೆ ಯಾವಾಗ ಬಂದಿತ್ತಮ್ಮಿ?"

ನಿಜ, ಅಪ್ಪ ಅರಿಶಿನದಲ್ಲಿ ಮಿಂದವನ ಹಾಗೆ ನಿಂತಿದ್ದ. ಹಿಂದಿನ ಸುಣ್ಣದ ಗೋಡೆಯನ್ನು ಒತ್ತಿದೆ. ಅರಿಶಿನ ಇನ್ನಷ್ಟು ಏರಿತು. ಮತ್ತೆ ಪಂಚೆ, ಮತ್ತೆ ಗೋಡೆ. ನನಗೆ ಅಳು ಬರುವುದೊಂದೇ ಬಾಕಿ. ಎಡೆಗೆ ಇನ್ನೊಂದು ವಾರವೂ ಇರಲಿಲ್ಲ.

"ಬುಡು ಮಗ," ಅಂದಳು ಅವ್ವ. "ಫೋಟೊ ಇಲ್ದೇನೆ ಇಕ್ಕಾನ. ನಂಗೆ ಕಣ್ಮುಂದೆ ಅವ್ನೆ."

ಹಾಗಂದವಳು ಎದ್ದು ಪಂಚೆ ಒಣಗಿದೆಯಾ ಎಂದು ನೋಡಲು ಮೆಟ್ಟಿಲು ಹತ್ತಿದಳು. ಬೇಡವೆಂದರೂ ಕೇಳುವವಳಲ್ಲ. ಪಂಚೆ ಹೆಗಲಿಗೆ ಹಾಕಿಕೊಂಡು ಇಳಿಯುತ್ತ, "ನೀಲಿ ಹಾಕಾದ್ರಲ್ಲಿ ನಿನ್ನದು ಅಳತೆ ಕೈ," ಅಂದಳು. "ನಾನು ಆವತ್ತು ಬೀಗರು ಬತ್ತಾರೆ ಅಂತ ನಿಮ್ಮಪ್ಪನ ಪಂಚೆ ಎರಡ್ ಕಿತ ಅದ್ದಿದ್ದೆ. ಮಿಕ್ಕಿದ್ದು ಚೆಲ್ಲಾದ್ಯಾಕೆ ಅಂತ ಗೋಡೆ ಸುಣ್ಣಕ್ಕೇ ಹುಯ್ದೆ. 'ಆಕಾಶ ಉಡ್ಸಿದ್ದೀಯಲ್ಲೇ' ಅಂತ ದಿನವೆಲ್ಲ ಬೈದ."

ನಾನು ಮೌಸ್ ಬಿಟ್ಟು ಅವಳ ಮುಖ ನೋಡಿದೆ. ನಮ್ಮ ಕಡೆ ಬಿಳಿ ಎಂದರೆ ನೀಲಿ ಹಾಕಿದ ಬಿಳಿ. ಗಂಟೆಯ ಹಿಂದೆ ನಾನೂ ಅದನ್ನೇ ಮಾಡಿ ಬಂದಿದ್ದೆ. ಪಂಚೆಯ ನೀಲಿಯನ್ನು ಅಪ್ಪಟ ಬಿಳಿ ಎಂದು ಯಂತ್ರಕ್ಕೆ ಹೇಳಿದ್ದಕ್ಕೆ ಅದು ಚಿತ್ರದಿಂದಲೇ ನೀಲಿ ತೆಗೆದುಹಾಕಿತ್ತು. ಅಪ್ಪನ ಮೈಗೆ ಹಳದಿ ಬಾರದೆ ಇನ್ನೇನು?

ನೀಲಿ ಸೋಕದ್ದು ಏನಿದೆ ಎಂದು ಚಿತ್ರವನ್ನು ಮೂಲೆ ಮೂಲೆ ಹುಡುಕಿದೆ. ಚಪ್ಪರದ ಕಂಬದ ಬುಡದಲ್ಲಿ ಅಲ್ಯೂಮಿನಿಯಂ ಹಾಲಿನ ಕ್ಯಾನು ಕೂತಿತ್ತು, ಡೈರಿಗೆ ಹಾಲು ಹಾಕುತ್ತಿದ್ದದ್ದು. ಈಗ ನಮ್ಮ ಅಡುಗೆಮನೆಯಲ್ಲಿ ಅದರ ತುಂಬ ಹುರುಳಿ. ತಂದು ಮೇಜಿನ ಪಕ್ಕ ಇಟ್ಟುಕೊಂಡೆ. ಬೂದಿ ಬಣ್ಣವೆಂದರೆ ಬೂದಿ ಬಣ್ಣವೇ. ಚಿತ್ರದ ಕ್ಯಾನಿನಲ್ಲಿ ಹೊಳಪೂ ನೆರಳೂ ಬೀಳದ ಜಾಗ ನೋಡಿ ಒತ್ತಿದೆ.

ಹಳದಿ ಇಳಿದುಹೋಯಿತು. ಬಾಳೆಕಂದಿಗೆ ಹಸಿರು ಬಂತು. ಎಣ್ಣೆಗಪ್ಪಿನ ಅಪ್ಪ, ಸೊಂಟದ ಕೆಳಗೆ ತಿಳಿನೀಲಿ ಪಂಚೆ ಉಟ್ಟು, ಸಿಡುಕು ಮುಖದಲ್ಲಿ ನಿಂತಿದ್ದ.

ಅವ್ವ ಸೆರಗಿನಲ್ಲಿ ಬೆರಳು ಒರೆಸಿಕೊಂಡು ಅಪ್ಪನ ಪಂಚೆಯ ಅಂಚನ್ನು ಪರದೆಯ ಗಾಜಿನ ಮೇಲೆ ಮುಟ್ಟಿದಳು.

"ಇಷ್ಟು ನೀಲಿಗಾ ಅಷ್ಟು ಬೈದೆ?" ಅಂದಳು, ನನಗಲ್ಲ.

ಸಂಜೆ ಯಂತ್ರ ಆರಿಸಲು ಹೋದರೆ "ಇರ್ಲಿ ಕಣಮ್ಮಿ" ಎಂದು ತಡೆದಳು. ಯಜಮಾನರು ಪೇಟೆಯಿಂದ ಬಂದು ನೋಡಿ, "ಏನತ್ತೆ, ಮಾವನೋರು ರಾತ್ರಿ ಇಲ್ಲೇ ಉಳ್ಕತಾರಾ?" ಅಂದರು.

"ಊಟಕ್ಕೆ ಇರ್ತಾನೆ. ನಿಮ್ಮೆಂಡ್ರು ಅವರೆಕಾಳಿನ ಸಾರು ಮಾಡವ್ಳೆ," ಅಂದಳು ಅವ್ವ.

ಮುದ್ದೆ, ಅವರೆಕಾಳಿನ ಸಾರು, ಮೇಲೆ ಒಂದು ಹಿಡಿ ಅನ್ನ ಮಜ್ಜಿಗೆ. ಅವ್ವ ಪರದೆಯ ಕಡೆ ತಿರುಗಿ ಕೂತು ಉಂಡು, ಎಂದೂ ಕೇಳದವಳು ಇನ್ನರ್ಧ ಮುದ್ದೆ ಹಾಕಿಸಿಕೊಂಡಳು. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಅಲ್ಲೇ ಚಾಪೆ ಹಾಸಿಕೊಂಡು, ಎಲ್ಲರಿಗಿಂತ ಮೊದಲು ಮಲಗಿಬಿಟ್ಟಿದ್ದಳು.