ಶಾಸಕರಿಗೆ ಹೊಸ್ತಿನ ಊಟ

ಸಂಕದ ನಡುವಿಗೆ ಬಂದ ನಮ್ಮ ಶಾಸಕರು ಅಲ್ಲೇ ನಿಂತುಬಿಟ್ಟರು. ಎರಡು ತೆಂಗಿನ ದಿಮ್ಮಿ, ಹಿಡಿಯಲು ಒಂದು ಬಿದಿರು, ಕೆಳಗೆ ತುಂಬಿ ಹರಿಯುವ ಹೊಳೆ. ಚಪ್ಪಲಿ ಅವರ ಕೈಯಲ್ಲಿತ್ತು.

“ಹ್ವಾಯ್, ಕೆಳ್ಗೆ ಕಾಣ್ಬೇಡಿ. ನಮ್ ಮಕ್ಳ್ ದಿನಾ ಇದ್ರ್ ಮೇಲೇ ಶಾಲಿಗ್ ಹೋತೊ. ನಿಮ್ಗೆಂತ ಆತಿಲ್ಲೆ, ಬನ್ನಿ!” ಎಂದು ನನ್ನ ಅತ್ತೆ ಈಚೆ ದಡದಿಂದ ಕೂಗಿದರು.

ಕೆರಾಡಿ ಕಡೆಯ ನಮ್ಮ ಮನೆಗೆ ಬೇರೆ ದಾರಿಯಿರಲಿಲ್ಲ. ಗಟ್ಟಿ ಸಂಕ ಬೇಕೆಂದು ನಾಲ್ಕು ಸಲ ಕೊಟ್ಟ ಅರ್ಜಿಗೆ ಉತ್ತರ ಬಂದಿರಲಿಲ್ಲ. ಹಾಗಾಗಿ ಆ ವರ್ಷ ಅತ್ತೆ ಅರ್ಜಿ ಬಿಟ್ಟು, ಹೊಸ್ತಿನ ಊಟಕ್ಕೆ ಶಾಸಕರನ್ನೇ ಕರೆದಿದ್ದರು. ದೇವರಿಗೆ ಬಡಿಸಿದ ಹೊಸ ಅಕ್ಕಿಯ ಅನ್ನಕ್ಕೆ ಬರುವುದಿಲ್ಲ ಎಂದು ನಮ್ಮ ಕಡೆ ಯಾರೂ ಹೇಳುವುದಿಲ್ಲ.

ಅಂತೂ ದಾಟಿ ಬಂದವರು ಎಲೆಯ ಮುಂದೆ ಕುಳಿತು ಬೆವರು ಒರೆಸಿಕೊಂಡರು. “ಅಮ್ಮ, ಊಟಕ್ ಕರ್ದದ್ದಾ, ಪರೀಕ್ಷಿಗ್ ಕರ್ದದ್ದಾ?”

“ಊಟ ದೇವ್ರದ್ದ್, ಪರೀಕ್ಷಿ ನಂದ್,” ಎಂದರು ಅತ್ತೆ. “ಪಾಯ್ಸ ಇನ್ನೊಂಚೂರ್ ಹಾಯ್ಕಣಿ. ವಾಪಾಸ್ ಹೋಪುಕೂ ಅದೇ ಸಂಕ.”

ಶಾಸಕರಿಗೆ ಸಿಟ್ಟು ಬಾರದಿರಲಿ ಎಂದು ನಾನು ಬಡಿಸುತ್ತಲೇ ದೇವರನ್ನು ನೆನೆದೆ. ಸಿಟ್ಟು ಬರಲಿಲ್ಲ. ಎಷ್ಟು ಮಕ್ಕಳು ದಾಟುತ್ತಾರೆ ಎಂದು ನನ್ನನ್ನು ಕೇಳಿದರು. ಹನ್ನೊಂದು ಎಂದೆ. ಅವರು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡರು.

ಮುಂದಿನ ಮಳೆಗೆ ಮೊದಲೇ ಸಿಮೆಂಟಿನ ಸಂಕ ಆಯಿತು. ಈಗ ಮಗಳನ್ನು ದಾಟಿಸಲು ನಾನು ಹೊಳೆಗೆ ಹೋಗಬೇಕಿಲ್ಲ. ಆ ಹೊತ್ತಿನಲ್ಲಿ ನಿಧಾನವಾಗಿ ದೇವರಿಗೆ ದೀಪ ಹಚ್ಚುತ್ತೇನೆ. ಊರಿನ ರಸ್ತೆಗೆ ಇನ್ನೂ ಡಾಂಬರು ಬಿದ್ದಿಲ್ಲ. ಈ ಸಲದ ಹೊಸ್ತಿಗೆ ಯಾರನ್ನು ಕರೆಯಬೇಕೆಂದು ಅತ್ತೆಗೆ ಗೊತ್ತಿದೆ.